ನಲವತ್ತೊಂದನೇ ಲಾಟ್

ಇದು ನಡೆದ ಕಥೆ. ಗಾದೆ ಹೇಳಿ ಶುರು ಮಾಡುವುದು ವಾಡಿಕೆ. ಆದರೆ ಗೌಡರ ಓಣಿ ದಾಟಿ ಕೇರಿಗೆ ಬರುವಷ್ಟರಲ್ಲಿ ಗಾದೆಗಳು ಕೈಕಾಲು ಮುರಿದುಕೊಂಡಿರುತ್ತವೆ, ಹಾಗಾಗಿ ಬೇಡ. ನಂಬದವರು ಶಹಾಪುರ ರಸ್ತೆಯ ಬೀಜದ ಕಂಪನಿಗೆ ಹೋಗಿ ನೋಡಬಹುದು. ಗೋಡೌನಿನ ಹಿಂದಿನ ಕೋಣೆಯ ಕಿಟಕಿಕಟ್ಟೆಯ ಮೇಲೆ ಬಾಯಿ ಒಡೆದ ಒಂದು ಬೀಕರ್ ಇನ್ನೂ ಇದೆ. ಮೋನಮ್ಮ ಚಹಾ ಕುಡಿಯುತ್ತಿದ್ದದ್ದು ಅದರಲ್ಲಿ.

ಮೋನಮ್ಮ ಎಂ.ಎಸ್ಸಿ., ಮಾಲಿಕ್ಯುಲರ್ ಬಯಾಲಜಿ, ಫಸ್ಟ್ ಕ್ಲಾಸ್. ಕಂಪನಿಯ ಹಾಜರಿ ಪುಸ್ತಕದಲ್ಲಿ ಹೆಲ್ಪರ್.

ಊರು ಕಕ್ಕೇರಾ. ಕಾಲುವೆ ಬಂದ ಮೇಲೆ ಆ ಸುತ್ತಿನ ಹೊಲಗಳು ನೀರು ಕುಡಿದವು. ಜೋಳ ಹೋಯಿತು, ಭತ್ತ ಬಂತು, ಬೀಜದ ಹತ್ತಿ ಬಂತು. ಕೇರಿಗೆ ನೀರು ಬರಲಿಲ್ಲ, ಕೆಲಸ ಬಂತು. ಕ್ರಾಸಿಂಗ್ ಕೆಲಸ. ಸಂಜೆ ಹತ್ತಿಯ ಮೊಗ್ಗು ಸುಲಿಯಬೇಕು. ಹೆಬ್ಬೆರಳಿನ ಉಗುರು ಊರಿ, ಸುತ್ತ ತಿರುವಿ, ಗಂಡು ಭಾಗವನ್ನು ಪೂರಾ ಕಿತ್ತು, ಒಳಗಿನ ಹೆಣ್ಣು ಕಡ್ಡಿಗೆ ಪೆಟ್ಟಾಗದಂತೆ ಕೆಂಪು ಕಾಗದದ ಟೊಪ್ಪಿಗೆ ಹಾಕಬೇಕು. ಮರುದಿನ ಬೆಳಿಗ್ಗೆ ಟೊಪ್ಪಿಗೆ ತೆಗೆದು, ಬೇರೆ ತಳಿಯ ಗಂಡು ಹೂವಿನ ಪುಡಿ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಗಂಡಿನ ಒಂದು ಎಳೆ ಉಳಿದರೂ ಬೀಜ ಕೆಟ್ಟಿತು. ದಿನಕ್ಕೆ ಸಾವಿರ ಹೂವು. ಔಷಧಿ ಹೊಡೆದ ಹೊಲ. ಉಂಡ ಕೈಯಲ್ಲೂ ಔಷಧಿಯ ವಾಸನೆ.

ಮೋನಮ್ಮ ಒಂಬತ್ತನೇ ವಯಸ್ಸಿಗೆ ಅವ್ವ ಅಯ್ಯಮ್ಮನ ಬೆನ್ನಿಗೆ ಆ ಹೊಲಕ್ಕೆ ಇಳಿದಳು. ಶಾಲೆಗೆ ಹೋಗುವ ಮೊದಲು ಸವರುವುದು, ಶಾಲೆ ಬಿಟ್ಟ ಮೇಲೆ ಸುಲಿಯುವುದು. ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ನಡುವೆ ಸೀಳಿ ಎರಡಾಯಿತು. ಅದು ಮತ್ತೆ ಕೂಡಲಿಲ್ಲ. ಹೊಲ ನಾಗನಗೌಡರದು. ಗೌಡರು ಬದುವಿನ ಮೇಲೆ ಕುಂತು ಹೇಳುತ್ತಿದ್ದರು: "ಈ ಮಂದೀನ್ನ ಮಾರಿ ನೋಡಿ ಕೂಲಿಗೆ ಹಚ್ಕೋಬಾರ್ದು. ಉಗುರು ನೋಡಿ ಹಚ್ಕೋಬೇಕು."

ಯುನಿವರ್ಸಿಟಿಯಲ್ಲಿ ಮೊದಲ ದಿನ ವಿಭಾಗದ ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಭಾಷಣ ಮಾಡಿದರು. ಅವರ ಪ್ರತಿ ಮಾತೂ 'ಸೀ' ಅಂತಲೇ ಶುರುವಾಗುತ್ತಿತ್ತು.

"ಸೀ, ಮಾಲಿಕ್ಯುಲರ್ ಬಯಾಲಜಿ ಅಂದ್ರ ಸಾಗರ. ಸೀ, ರಕ್ತ ತಪಾಸಣಿ ಲ್ಯಾಬಿಗೆ ಹೋಗಬಹುದು, ಔಷಧ ಕಂಪನಿಗೆ ಹೋಗಬಹುದು. ಪೊಲೀಸರ ಫೊರೆನ್ಸಿಕ್ ಅದ, ಬೀಜದ ಕಂಪನಿ ಅದ, ರಿಸರ್ಚ್ ಅದ. ಸೀ, ಈಜು ಬಂದವಂಗ ಎಲ್ಲಾ ದಂಡೀನೂ ತಂದೇ." ಆಮೇಲೆ ಹಿಂದಿನ ಬೆಂಚಿನ ಮೋನಮ್ಮನನ್ನು ನೋಡಿದರು. "ನಿನಗೇನ್ ಚಿಂತಿ ಬಿಡವಾ. ನಿಮ್ಮವ್ರಿಗೆ ಸರಕಾರ ಅದ."

ಕ್ಲಾಸು ನಕ್ಕಿತು.

ಮೊದಲ ಪ್ರಯೋಗ ಉಗುಳಿನದು. ಎಲ್ಲರೂ ಉಪ್ಪುನೀರು ಬಾಯಲ್ಲಿ ಮುಕ್ಕಳಿಸಿ ತಂತಮ್ಮ ಗಾಜಿನ ನಳಿಕೆಗೆ ಉಗುಳಿದರು. ಅದಕ್ಕೆ ಸೋಪಿನ ನೀರು ಹಾಕಿ, ಮೇಲೆ ತಣ್ಣನೆಯ ಸ್ಪಿರಿಟ್ ಬಿಟ್ಟರೆ ಬಿಳಿ ದಾರದಂಥದ್ದು ಏಳುತ್ತದೆ. ಅದೇ ಡಿಎನ್‌ಎ. ಅಪ್ಪ ಅವ್ವ, ಅವರ ಅಪ್ಪ ಅವ್ವ, ಎಲ್ಲರೂ ಆ ದಾರದಲ್ಲಿ. ಮೂವತ್ತು ನಳಿಕೆ, ಮೂವತ್ತು ದಾರ. ಮೂವತ್ತೂ ಬಿಳಿ. ಮೋನಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಯಾವುದು ಗೌಡರದು, ಯಾವುದು ಕೇರಿಯದು ತಿಳಿಯಲಿಲ್ಲ.

ತೊಳೆಯುವ ಆಳು ಅಂದು ಬಂದಿರಲಿಲ್ಲ. ಇಪ್ಪತ್ತೊಂಬತ್ತು ಮಂದಿ ಆಕೆಯ ಕಡೆ ನೋಡಿದರು, ಅಷ್ಟೇ. ಮೋನಮ್ಮ ಇಪ್ಪತ್ತೊಂಬತ್ತು ಮಂದಿಯ ಎಂಜಲು ತೊಳೆದಳು. ತನ್ನ ನಳಿಕೆ ಹುಡುಕಿದಳು, ಸಿಗಲಿಲ್ಲ. ಯಾರೋ ಅದನ್ನು ಇಕ್ಕಳದಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದ್ದರು.

ಆಮೇಲೆ ಎರಡು ವರ್ಷ ಲ್ಯಾಬಿನಲ್ಲಿ ತೊಳೆಯುವುದು, ಒರೆಸುವುದು, ಮಷೀನು ಸಜ್ಜು ಮಾಡುವುದು ಆಕೆಯ ಪಾಲಿಗೇ ಬಂತು. ಉಳಿದವರು ಪುಸ್ತಕ ಓದಿ ಕಲಿತರು. ಮೋನಮ್ಮ ಪುಸ್ತಕವನ್ನೂ ಓದಿದಳು, ಮಷೀನನ್ನೂ ತಿಕ್ಕಿದಳು. ಪಿಪೆಟ್ ಎಂಬ ಸಲಕರಣೆ ಇದೆ. ಅದರ ಮೇಲಿನ ಗುಂಡಿಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಕಣ್ಣಿಗೆ ಕಾಣದಷ್ಟು ಹನಿ ಎತ್ತಿ ಬಿಡಬೇಕು. ಹುಡುಗರ ಕೈ ನಡುಗುತ್ತಿತ್ತು. ಮೋನಮ್ಮನ ಹೆಬ್ಬೆರಳು ಹತ್ತು ವರ್ಷ ಹೂವಿನ ಹೊಟ್ಟೆಯಲ್ಲಿ ಪಳಗಿದ್ದು. ಅದು ನಡುಗಲಿಲ್ಲ.

ಪಾಸಾಗಿ ಆ ಸಾಗರಕ್ಕೆ ಇಳಿದಳು. ರಕ್ತ ತಪಾಸಣೆ ಲ್ಯಾಬಿನವ ಮಾರ್ಕ್ಸ್ ಕಾರ್ಡ್ ನೋಡಿ ಹಿಗ್ಗಿದ. ಊರು ಕೇಳಿದ, ಓಣಿ ಕೇಳಿದ. "ಪೇಷಂಟಿನ ಕೈ ಹಿಡೀಬೇಕಾಗ್ತದ ತಂಗಿ. ನನಗೇನಿಲ್ಲ, ಗಿರಾಕಿ ಒಪ್ಪಂಗಿಲ್ಲ" ಎಂದ. ಔಷಧ ಕಂಪನಿ ಅನುಭವ ಕೇಳಿತು. ಅನುಭವ ಬೇಕೆಂದರೆ ಮೊದಲು ಕೆಲಸ ಬೇಕು. ಫೊರೆನ್ಸಿಕ್ಕಿಗೆ ಅರ್ಜಿ ಕರೆದು ಆರು ವರ್ಷವಾಗಿತ್ತು. ಪಿಎಚ್.ಡಿ. ಮಾಡಿಸುತ್ತೇನೆಂದ ಪ್ರೊಫೆಸರು ಎರಡು ತಿಂಗಳು ಮನೆಯ ಅಂಗಳ ಗುಡಿಸಿಸಿದರು. ಒಳಗೆ ಕರೆಯಲಿಲ್ಲ. ಮೂರನೇ ತಿಂಗಳು ಸೀಟು ಅವರ ಷಡ್ಡಕನ ಮಗನಿಗೆ ಹೋಯಿತು. ಉಳಿದದ್ದು ಬೀಜ.

ಬೀಜದ ಕಂಪನಿಯ ಮ್ಯಾನೇಜರು ಮಲ್ಕಪ್ಪ ಬಿ.ಕಾಂ. ಲ್ಯಾಬಿನ ವರದಿಗೆ ಸಹಿ ಆತನದು. ಕಂಪ್ಯೂಟರು ಸೂಗಣ್ಣನದು. ಕೆಲಸ ಮೋನಮ್ಮನದು. ಬೀಜ ಮೊಳಕೆ ಬರಿಸಿ, ಎಲೆ ಅರೆದು, ಡಿಎನ್‌ಎ ತೆಗೆಯುವುದು. ಅಗರೋಸ್ ಎಂಬ ಪುಡಿಯನ್ನು ಅಂಬಲಿಯಂತೆ ಕಾಯಿಸಿ, ತಟ್ಟೆಗೆ ಹೊಯ್ದು, ಆರಿದ ಮೇಲೆ ಒಂದು ತುದಿಯಲ್ಲಿ ಸಾಲಾಗಿ ಉಳಿಯುವ ಸಣ್ಣ ಕುಣಿಗಳಿಗೆ ಹನಿ ಇಳಿಸುವುದು. ಆಮೇಲೆ ತಟ್ಟೆಯನ್ನು ಮಷೀನಿನ ನೀರಲ್ಲಿಟ್ಟು ಕರೆಂಟ್ ಬಿಡಬೇಕು. ಡಿಎನ್‌ಎ ಕಪ್ಪು ವೈರಿನ ಕಡೆಯಿಂದ ಕೆಂಪು ವೈರಿನ ಕಡೆಗೆ ಓಡುತ್ತದೆ. ಓಡಿ, ನಿಂತಲ್ಲಿ ಗೆರೆಯಾಗುತ್ತದೆ. ತಾಯಿ ತಳಿಯದು ಒಂದು ಗೆರೆ, ತಂದೆ ತಳಿಯದು ಒಂದು. ಎರಡೂ ಕಂಡರೆ ಬೀಜ ಪಾಸ್. ತಾಯಿಯದೊಂದೇ ಕಂಡರೆ ಹೊಲದಲ್ಲಿ ಹೆಂಗಸರು ಮೊಗ್ಗು ಸರಿಯಾಗಿ ಸುಲಿದಿಲ್ಲ ಎಂದು ಅರ್ಥ. ಫೇಲ್. ಎಷ್ಟು ಓಡಿದೆ ಎಂದು ತಿಳಿಯಲು ಮೊದಲನೇ ಕುಣಿಗೆ ಅಳತೆಯದೊಂದು ಹನಿ ಹಾಕುವುದು ಪದ್ಧತಿ. ಆ ಅಳತೆ ಯಾವತ್ತೂ ಕಾಣಲೇಬೇಕು.

ಚಹಾ ಬಂದಾಗ ಎಲ್ಲರಿಗೂ ಸ್ಟೀಲಿನ ಲೋಟ. ಮೋನಮ್ಮನಿಗೆ ಬಾಯಿ ಒಡೆದ ಬೀಕರ್.

"ಸೈಂಟಿಸ್ಟಿಗೆ ಬೀಕರೇ ಶೋಭಾ" ಎನ್ನುತ್ತಿದ್ದ ಸೂಗಣ್ಣ. ಅವನು ಯಾರ ಧ್ವನಿಯನ್ನಾದರೂ ತೆಗೆಯಬಲ್ಲವ. ಮಲ್ಕಪ್ಪನ ಕೆಮ್ಮು, ಗೌಡರ ತೇಗು, ಗೇಟಿನ ಅಮೀನುದ್ದೀನ ಚಾಚಾನ ಸಲಾಮು. ಮೋನಮ್ಮನ ಧ್ವನಿಯನ್ನೂ ತೆಗೆಯುತ್ತಿದ್ದ. ಕುತ್ತಿಗೆ ಒಳಗೆಳೆದು, ನೆಲ ನೋಡಿ, "ಹೌದ್ರಿ ಸರ್ರ" ಎಂದರೆ ಆಫೀಸೆಲ್ಲ ನಗುತ್ತಿತ್ತು.

ಆ ವರ್ಷ ಕಕ್ಕೇರಾ ಕೇರಿಯ ಹನ್ನೊಂದು ಹೆಂಗಸರು ಒಂದು ಕೆಲಸ ಮಾಡಿದರು. ಕಾಲುವೆಯ ಬಾಲದಲ್ಲಿ, ನೀರು ಬಂದರೆ ಬಂತು ಎನ್ನುವಲ್ಲಿ, ಎರಡು ಎಕರೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು ತಾವೇ ಬೀಜದ ಪ್ಲಾಟ್ ಮಾಡಿದರು. ಅಯ್ಯಮ್ಮ, ಬಾಲಮ್ಮ, ಹುಸೇನಬೀ, ಇನ್ನೆಂಟು ಮಂದಿ. ನಾಗನಗೌಡರ ಹೊಲಕ್ಕೆ ಹೋಗಲಿಲ್ಲ. ಗೌಡರ ಹತ್ತಿ ಸುಲಿಯುವ ಉಗುರಿಲ್ಲದೆ ಹೂವಾಗಿ ಅರಳಿ ಉದುರಿತು. ಹೆಂಗಸರ ಬೀಜ ಕಂಪನಿಯ ಗೋಡೌನಿಗೆ ಬಂತು. ಚೀಲದ ಮೇಲೆ ನಲವತ್ತೊಂದು ಎಂದು ಬರೆದರು.

ನಲವತ್ತೊಂದನೇ ಲಾಟ್ ಪಾಸಾದರೆ ಮುಂದಿನ ವರ್ಷವೂ ತಳಿ ಬೀಜ ಅವರ ಕೈಗೆ. ಫೇಲಾದರೆ ಕಂಪನಿ ಮತ್ತೆ ಕೊಡುವುದಿಲ್ಲ. ಹನ್ನೊಂದು ಮಂದಿಯೂ ಮತ್ತೆ ಗೌಡರ ಬದುವಿನ ಕೆಳಗೆ.

ಗೌಡರು ಶುಕ್ರವಾರ ಲ್ಯಾಬಿಗೇ ಬಂದರು. ಮೋನಮ್ಮ ನೆಲ ಒರೆಸುತ್ತಿದ್ದಳು. ಆಕೆ ಇದ್ದದ್ದು ಅವರಿಗೆ ಕಾಣಲಿಲ್ಲ. ಕಂಡರೂ ಲೆಕ್ಕಕ್ಕಿರಲಿಲ್ಲ.

"ಮಲ್ಕಪ್ಪ, ಈ ಹೆಣಮಕ್ಕಳು ತಮ್ಮ ಪ್ಲಾಟ್ ತಾವ ಮಾಡ್ಕೊಂಡ್ರ ನಮ್ಮ ಪ್ಲಾಟಿಗ್ಯಾರು, ನಿನ್ನ ಹೇಣ್ತಿ ಬರ್ತಾಳೇನು?"

ಮಲ್ಕಪ್ಪ ಕೆಮ್ಮಿದ. "ಟೆಸ್ಟ್ ಈಕಿನೇ ಮಾಡೋದ್ರಿ ಗೌಡ್ರ. ಇವ್ರವ್ವನದೇ ಲಾಟ್. ಈಕಿ ಇರೋತನ ಹ್ಯಾಂಗ್ರಿ?"

"ಈಕಿನ್ನ ಎಲ್ಲಿಗಾರ ಕಳಸು."

ಸೂಗಣ್ಣ ಕಂಪ್ಯೂಟರಿನಿಂದ ತಲೆ ಎತ್ತಿ ನಕ್ಕ. ಬಾಗಿಲ ಬಳಿ ಬಕೆಟ್ ಹಿಡಿದಿದ್ದ ಮೋನಮ್ಮನಿಗೆ ಕೊನೆಯ ಎರಡು ಮಾತು ಮೋಟಾರಿನ ಸದ್ದಿನಲ್ಲಿ ಕೇಳಿಸಲಿಲ್ಲ. ಕೇಳಿಸಿದ್ದರೆ ಕಥೆ ಇರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಆಕೆಯ ಫೋನ್ ರಿಂಗಾಯಿತು. ದಪ್ಪ ತೆಲುಗು ಧ್ವನಿ.

"ಮೋನಮ್ಮ ಗಾರೇನಾ? ಹೈದರಾಬಾದ್ ಹೆಡ್ ಆಫೀಸ್ ಅಂಡಿ. ನಿಮ್ಮ ರಿಪೋರ್ಟ್ಸ್ ಅನ್ನೀ ನೋಡಿದೆವು. ಚಾಲಾ ನೀಟ್ ವರ್ಕ್ ಅಮ್ಮಾ. ನಿಮಗೆ ಸೈಂಟಿಸ್ಟ್ ಪೋಸ್ಟ್ ಕೊಡ್ತಿದ್ದೀವಿ. ಸೋಮವಾರಂ ಹತ್ತು ಗಂಟಲಕಿ ಬರಬೇಕು. ಒರಿಜಿನಲ್ ಸರ್ಟಿಫಿಕೇಟ್ ತರಬೇಕು."

ಸಂಜೆಗೆ ಪತ್ರವೂ ಬಂತು. ಕಂಪನಿಯ ತಲೆಬರಹ, ಸೀಲು, ಸಹಿ. ಮಲ್ಕಪ್ಪನೇ ಕೈಗೆ ಕೊಟ್ಟ. "ನಮ್ಮ ಲ್ಯಾಬಿನ ಹೆಸರು ಉಳಸವಾ" ಎಂದ. ಅಂದು ಸೂಗಣ್ಣ ಆಕೆಗೆ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟ. ಆಕೆ ಆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಬಾಗಿಲ ಹಿಂದೆ ಆಫೀಸಿನ ಮೂವರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದರು.

ಅಯ್ಯಮ್ಮ ಭಾನುವಾರ ಕೇರಿಯೆಲ್ಲ ಸಕ್ಕರೆ ಹಂಚಿದಳು. ಮಗಳು ಏನಾದಳೆಂದು ಹೇಳಲು ಆಕೆಗೆ ಬಾರದು. "ದೊಡ್ಡ ಮಷೀನಿಗೆ ಸಾಹೇಬ ಆಗ್ಯಾಳ" ಎಂದಳು. ಹುಸೇನಬೀ ತನ್ನ ಹೊಸ ಸೀರೆ ತಂದು ಮೋನಮ್ಮನ ಚೀಲಕ್ಕೆ ತುರುಕಿದಳು.

ಮೋನಮ್ಮ ಯಾದಗಿರಿಯಲ್ಲಿ ಗಾಡಿ ಹತ್ತಿ, ವಾಡಿಯಲ್ಲಿ ಬದಲಿಸಿ, ನಿಂತುಕೊಂಡೇ ಹೈದರಾಬಾದಿಗೆ ಹೋದಳು. ಸ್ಟೇಷನ್ನಿನ ನಳದಲ್ಲಿ ಮುಖ ತೊಳೆದು ಹುಸೇನಬೀಯ ಸೀರೆ ಉಟ್ಟಳು. ಸೋಮವಾರ ಒಂಬತ್ತೂವರೆಗೆ ಹೆಡ್ ಆಫೀಸಿನ ಗೇಟಿನಲ್ಲಿದ್ದಳು. ಕಾವಲುಗಾರ ದಪ್ಪ ಪುಸ್ತಕ ಮುಂದಿಟ್ಟ. ಹೆಸರು, ಊರು, ಬಂದ ವೇಳೆ, ಬಂದ ಕಾರಣ. ಆಕೆ ದುಂಡಗೆ ಬರೆದಳು. ಕಾರಣ: ಸೈಂಟಿಸ್ಟ್ ಹುದ್ದೆ.

ಅವನು ಒಳಗೆ ಫೋನ್ ಮಾಡಿದ. ಪತ್ರವನ್ನು ತಿರುಗಿಸಿ ತಿರುಗಿಸಿ ನೋಡಿದ. "ಐಸಾ ಕುಛ್ ನಹೀ ಹೈ ಬೋಲ್ ರಹೇ. ಸೈಡ್ ಹೋ ಜಾವೋ." ಅಂಥದ್ದೇನೂ ಇಲ್ಲವಂತೆ, ಪಕ್ಕಕ್ಕೆ ಸರಿಯಬೇಕಂತೆ.

ಗೇಟಿನ ಪಕ್ಕದ ಕಲ್ಲಿನ ಮೇಲೆ ಸರ್ಟಿಫಿಕೇಟಿನ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಳು. ಸಂಜೆ ನಾಲ್ಕರವರೆಗೆ ಕೂತಳು. ಏನೋ ತಪ್ಪಾಗಿದೆ, ಯಾರಾದರೂ ಬಂದು ಕರೆದಾರು ಎಂದುಕೊಂಡಳು. ಬಿಸಿಲು ತಿರುಗಿತು. ಉಚ್ಚೆಗೆ ಹೋಗಲೂ ಎದ್ದಿರಲಿಲ್ಲ, ಕರೆದಾಗ ಇಲ್ಲದಿದ್ದರೆ ಎಂದು. ಕೊನೆಗೆ ಶನಿವಾರದ ನಂಬರಿಗೆ ತಾನೇ ಫೋನ್ ಮಾಡಿದಳು.

"ಎವರಂಡಿ?" ದಪ್ಪ ಧ್ವನಿ. ಅದರ ಹಿಂದೆ ಕಿಸಕ್ ಎಂದು ಯಾರೋ ನಕ್ಕರು. ಆಮೇಲೆ ಮಲ್ಕಪ್ಪನ ಕೆಮ್ಮು. ಆಮೇಲೆ ತೆಲುಗು ಬಿದ್ದುಹೋಗಿ ಸೂಗಣ್ಣನೇ ಮಾತಾಡಿದ.

"ಸೈಂಟಿಸ್ಟ್ ಮೇಡಂ, ಹೈದರಾಬಾದಿ ಬಿರ್ಯಾನಿ ಹ್ಯಾಂಗಿತ್ರಿ? ಬೀಕರಿನಾಗ ಕೊಟ್ರೇನು?"

ಫೋನಿನಲ್ಲಿ ಇಡೀ ಲ್ಯಾಬು ನಕ್ಕಿತು. ಗೌಡರ ತೇಗಿನಂಥ ನಗೆಯೂ ಅದರಲ್ಲಿತ್ತು. ಮೋನಮ್ಮನಿಗೆ ಅಳು ಬರಲಿಲ್ಲ. ಕಾವಲುಗಾರ ಪುಸ್ತಕ ತಂದು ಹೋಗುವ ವೇಳೆ ಬರೆಯಲು ಹೇಳಿದ. ನಾಲ್ಕು ಗಂಟೆ ಹತ್ತು ನಿಮಿಷ. ಸಹಿ ಮಾಡಿದಳು.

ಮಂಗಳವಾರ ಮಧ್ಯಾಹ್ನ ಲ್ಯಾಬಿಗೆ ಬಂದಳು. ಗೇಟಿನಲ್ಲಿ ಅಮೀನುದ್ದೀನ ಚಾಚಾ ಎದ್ದು ನಿಂತ. ಆಕೆಯ ಮುಖ ನೋಡಲಿಲ್ಲ.

"ಬೇಟಿ, ನಂಗ ತಿಳಿದಿದ್ದಿಲ್ಲ. ಖುದಾನ ಆಣಿ." ಆಮೇಲೆ ದನಿ ತಗ್ಗಿಸಿದ. "ನಿನ್ನೆ ಮಲ್ಕಪ್ಪ, ಸೂಗಣ್ಣ, ಗೌಡ್ರು ಮೂವರೂ ಕೂಡಿ ನಲವತ್ತೊಂದು ಟೆಸ್ಟ್ ಮಾಡ್ಯಾರ. ಫೇಲ್ ಅಂತ ಬರದಾರ. ನಾಳಿ ಹೈದರಾಬಾದ್ ಸಾಹೇಬ ಬರ್ತಾನ."

ಒಳಗೆ ಹೋದಳು. ಯಾರೋ ಬಾಗಿಲಿಗೆ ಹತ್ತಿಯ ಮಾಲೆ ಕಟ್ಟಿದ್ದರು. ಸೂಗಣ್ಣ ಎದ್ದು ಸಲಾಮು ಹೊಡೆದ. ಎಲ್ಲರೂ ನಕ್ಕರು. ಮೋನಮ್ಮ ನೆಲ ನೋಡುತ್ತ ಮಷೀನಿನ ಕಡೆ ಹೋದಳು. ಮುಚ್ಚಳ ತೆಗೆದಳು. ತಟ್ಟೆ ನಿನ್ನೆಯಿಂದ ಹಾಗೇ ನೀರಲ್ಲಿ ಬಿದ್ದಿತ್ತು.

ತಟ್ಟೆ ತಿರುವುಮುರುವಾಗಿತ್ತು. ಹನಿ ಹಾಕುವ ಕುಣಿಗಳು ಕೆಂಪು ವೈರಿನ ಕಡೆಗಿದ್ದವು.

ಎರಡು ವರ್ಷ ವರದಿಗೆ ಸಹಿ ಹಾಕಿದವನು ಒಂದು ದಿನವೂ ತಟ್ಟೆ ಇಟ್ಟವನಲ್ಲ. ಯಾವ ಕಡೆ ಕುಣಿ ಇರಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಕರೆಂಟ್ ಬಿಟ್ಟಕೂಡಲೇ ಎಲ್ಲ ಬೀಜದ ಡಿಎನ್‌ಎ ಕುಣಿಯ ಹಿಂದಕ್ಕೆ ಓಡಿ ನೀರಿಗೆ ಬಿದ್ದಿದೆ. ತಟ್ಟೆಯಲ್ಲಿ ಏನೂ ಉಳಿದಿಲ್ಲ. ಆಕೆ ಮೇಜಿನ ಮೇಲಿದ್ದ ಫೋಟೋ ನೋಡಿದಳು. ಪೂರಾ ಕಪ್ಪು. ಕೆಳಗೆ ಮಲ್ಕಪ್ಪನ ಅಕ್ಷರ: ಗಂಡು ತಳಿಯ ಗೆರೆ ಕಾಣುವುದಿಲ್ಲ. ಫೇಲ್.

ಮೋನಮ್ಮ ಮುಚ್ಚಳ ಮುಚ್ಚಿದಳು. ಕಸಬರಿಗೆ ತಗೊಂಡು ಹತ್ತಿಯ ಮಾಲೆ ಗುಡಿಸಿದಳು.

ಬುಧವಾರ ಹೈದರಾಬಾದಿನ ಸಾಹೇಬ ಬಂದ. ಅಸಲೀ ಸಾಹೇಬ, ಸಣ್ಣ ಧ್ವನಿಯವನು. ಅವನು ಬರುವ ಮೊದಲೇ ಹನ್ನೊಂದು ಹೆಂಗಸರು ಫೇಲಿನ ಸುದ್ದಿ ಕೇಳಿ ಕಕ್ಕೇರಾದಿಂದ ಬಂದು ಗೋಡೌನಿಗೆ ನುಗ್ಗಿ ನಲವತ್ತೊಂದನೇ ಲಾಟಿನ ಚೀಲಗಳ ಮೇಲೆ ಕೂತುಬಿಟ್ಟಿದ್ದರು. ಹಾಗೆ ಕೂತರೆ ಲ್ಯಾಬಿನ ಕಿಟಕಿಯಿಂದ ಅವರು ಕಾಣುತ್ತಾರೆ, ಅವರಿಗೆ ಲ್ಯಾಬೂ ಕಾಣುತ್ತದೆ.

"ಇಳೀರೆ" ಎಂದರು ನಾಗನಗೌಡರು. "ಫೇಲಾದ ಬೀಜದ ಮ್ಯಾಲ ಏನ್ ಕುಂತೀರಿ? ಕಾವು ಕೊಡ್ತೀರೇನು?"

"ಗೌಡ್ರ, ಈ ಬೀಜಕ್ಕ ಕಟ್ಟಿದ ದಾರ ನಾವು ಎಣಿಸೇವಿ" ಎಂದಳು ಅಯ್ಯಮ್ಮ. ಬಲಗೈ ಹೆಬ್ಬೆರಳು ಎತ್ತಿ ತೋರಿಸಿದಳು. ಅದರಲ್ಲಿ ಉಗುರೇ ಇರಲಿಲ್ಲ. "ನಿಮ್ಮ ಹೊಲದಾಗ ಇಪ್ಪತ್ತು ವರ್ಷ ಸುಲಿದೀನಿ. ಆವಾಗ ಒಮ್ಮೆನೂ ಫೇಲಾಗ್ಲಿಲ್ಲ. ನಮ್ಮ ಹೊಲಕ್ಕ ಬಂದಕೂಡ್ಲೆ ನನ್ನ ಕೈ ಕೆಟ್ಟಿತೇನ್ರಿ?"

ಸಾಹೇಬ ಫೋಟೋ ಕೈಗೆ ತಗೊಂಡ. ಹತ್ತಿರ ಹಿಡಿದ, ದೂರ ಹಿಡಿದ. "ಯೇ ಕ್ಯಾ ಹೈ? ಪೂರಾ ಕಾಲಾ."

"ಗಂಡು ಗೆರಿ ಇಲ್ಲ ಸರ್ರ" ಎಂದ ಮಲ್ಕಪ್ಪ.

"ಹೆಣ್ಣು ಗೆರಿನೂ ಇಲ್ಲ" ಎಂದಳು ಮೋನಮ್ಮ ಮೂಲೆಯಿಂದ. "ಮೊದಲನೇ ಕುಣ್ಯಾಗ ಅಳತಿ ಹಾಕ್ತೀವಿ ಸಾಹೇಬ್ರ. ಬೀಜ ಪಾಸಾಗ್ಲಿ ಫೇಲಾಗ್ಲಿ, ಅಳತಿ ಕಾಣ್ಲೇಬೇಕು. ಅದೂ ಇಲ್ಲ. ಅವ್ವನೂ ಇಲ್ದ ಅಪ್ಪನೂ ಇಲ್ದ ಬೀಜ ಇದು. ಮಲ್ಕಪ್ಪ ಸರ್ರು ಹುಟ್ಟಿಸ್ಯಾರ."

ಕಿಟಕಿಯಾಚೆ ಹುಸೇನಬೀ ಕಿಸಕ್ ಎಂದಳು.

ಮಲ್ಕಪ್ಪ ಕೆಮ್ಮಿದ. "ಟೆಸ್ಟ್ ಮಾಡಿದಾಕಿ ಈಕಿನೇ ಸರ್ರ. ಹೆಲ್ಪರ್. ತಮ್ಮವ್ವನ ಲಾಟ್ ಫೇಲಾಗ್ತದಂತ ಬೇಕಂತಲೇ ಕೆಡಿಸ್ಯಾಳ. ಫೋಟೋ ಮ್ಯಾಲ ತಾರೀಖು ಅದ ನೋಡ್ರಿ, ಸೋಮವಾರ."

"ಸೋಮವಾರ ನಾ ಇಲ್ಲಿದ್ದಿಲ್ರಿ."

"ಮತ್ತೆಲ್ಲಿದ್ದಿ?" ಎಂದರು ಗೌಡರು.

ಮೋನಮ್ಮ ಸೆರಗಿನ ಗಂಟು ಬಿಚ್ಚಿ ಪತ್ರ ತೆಗೆದು ಸಾಹೇಬನ ಮುಂದಿಟ್ಟಳು. ಕಂಪನಿಯ ತಲೆಬರಹ, ಸೀಲು. "ನಿಮ್ಮ ಗೇಟಿನಾಗಿದ್ದೆ ಸಾಹೇಬ್ರ. ಒಂಬತ್ತೂವರೆಯಿಂದ ನಾಕು ಹತ್ತರತನ. ನಿಮ್ಮ ಪುಸ್ತಕದಾಗ ನನ್ನ ಸಹಿ ಅದ. ಫೋನ್ ಹಚ್ಚಿ ಕೇಳ್ರಿ."

ಸಾಹೇಬ ಫೋನ್ ಹಚ್ಚಿದ. ಹೆಸರು ಹೇಳಿದ. ಆ ಕಡೆಯವನು ಪುಸ್ತಕ ತಿರುವಿ ಓದಿದ್ದು ಕೋಣೆಗೆಲ್ಲ ಕೇಳಿಸಿತು: ಮೋನಮ್ಮ, ಕಕ್ಕೇರಾ, ಕಾರಣ ಸೈಂಟಿಸ್ಟ್ ಹುದ್ದೆ. ಸಾಹೇಬ ಪತ್ರದ ಸಹಿ ನೋಡಿದ. ತನ್ನದೇ ಹೆಸರು, ತನ್ನದಲ್ಲದ ಅಕ್ಷರ. ಸೂಗಣ್ಣ ಕಂಪ್ಯೂಟರಿನ ಹಿಂದೆ ಕುಗ್ಗಿ ಕುಗ್ಗಿ ಕುತ್ತಿಗೆ ಒಳಗೆಳೆದುಕೊಂಡ. ಇಷ್ಟು ದಿನ ಮೋನಮ್ಮನ ಅಣಕು ಮಾಡುವಾಗ ಎಳೆದುಕೊಳ್ಳುತ್ತಿದ್ದನಲ್ಲ, ಥೇಟ್ ಹಾಗೆ.

ಆದರೆ ಸಾಹೇಬರು ಸಾಹೇಬರೇ. ಅವನು ಪತ್ರವನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ. "ಠೀಕ್ ಹೈ. ಈ ವಿಷಯ ಹೊರಗೆ ಬೇಡ. ಅಮ್ಮಾಯಿ, ಈಗಲೇ ಮತ್ತೆ ಟೆಸ್ಟ್ ಹಾಕು. ನನ್ನ ಮುಂದೆ."

"ಹಾಕ್ತೀನ್ರಿ. ವರದಿಗೆ ಸಹಿ ಯಾರದು?"

"ಮ್ಯಾನೇಜರದು. ರೂಲ್ ಹಾಗಿದೆ."

"ಕೆಳಗ ನನ್ನ ಹೆಸರು? ಎಂ.ಎಸ್ಸಿ. ಅಂತ?"

"ಹೆಲ್ಪರ್ ಹೆಸರು ಬರೆಯೋದಿಲ್ಲ ಅಮ್ಮಾ."

ಮೋನಮ್ಮ ಕೈಯ ರಬ್ಬರ್ ಗವಸು ಒಂದೊಂದೇ ಬೆರಳಿನಿಂದ ಕಳಚಿದಳು. ಸೀಳಿದ ಉಗುರಿಗೆ ಸಿಕ್ಕಿಕೊಂಡಿತು, ಜಗ್ಗಿ ತೆಗೆದಳು. ಕೆಲಸ ಆ ಗಳಿಗೆಗೇ ಹೋಯಿತೆಂದು ಆಕೆಗೆ ಗೊತ್ತಿತ್ತು. ಕಿಟಕಿಯ ಕಡೆ ನೋಡಿದಳು. ಅಯ್ಯಮ್ಮ ಚೀಲದ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತು, ಆಗಲಿ ಎಂಬಂತೆ ಗದ್ದ ಎತ್ತಿದಳು.

"ಹಂಗಾದ್ರ ನೀವೇ ಹಾಕ್ರಿ" ಎಂದಳು ಮೋನಮ್ಮ. ಗವಸನ್ನು ಮಲ್ಕಪ್ಪನ ಎದೆಗೆ ಹಿಡಿದಳು.

"ಏ ಮೋನಿ, ಸೊಕ್ಕು ಮಾಡಬ್ಯಾಡ."

"ಬಿ.ಕಾಂ. ಮಾಡೀರಿ. ಹಾಕ್ರಿ."

ಸಾಹೇಬ ಗಡಿಯಾರ ನೋಡಿದ. ಮಲ್ಕಪ್ಪನನ್ನು ನೋಡಿದ. ಮಲ್ಕಪ್ಪ ಗವಸು ಹಾಕಿಕೊಂಡ. ಎಡಗೈಯದು ಬಲಗೈಗೆ. ಹೊಸ ತಟ್ಟೆ ಎತ್ತಿದ. ಮಷೀನಿನ ಮೇಲೆ ತಂದ. ಕುಣಿಗಳನ್ನು ಕೆಂಪು ವೈರಿನ ಕಡೆ ಹಿಡಿದು, ಕದ್ದು ಮೋನಮ್ಮನ ಮುಖ ನೋಡಿದ. ಆಕೆಯ ಮುಖದಲ್ಲಿ ಏನೂ ಇರಲಿಲ್ಲ. ತಟ್ಟೆ ತಿರುಗಿಸಿ ಕಪ್ಪು ವೈರಿನ ಕಡೆ ಹಿಡಿದ. ಮತ್ತೆ ನೋಡಿದ. ಏನೂ ಇಲ್ಲ. ಮತ್ತೆ ತಿರುಗಿಸಿದ.

"ಆ ಕಡಿ ಇಡೋ" ಎಂದರು ಗೌಡರು.

"ಯಾವ ಕಡಿ ಗೌಡ್ರ?"

"ಅದೇ, ಆ ಕಡಿ."

ಸೂಗಣ್ಣ ಎದ್ದು ಬಂದು ಈ ಕಡೆ ಎಂದ. ಸಾಹೇಬ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, "ಶಾಯದ್ ಐಸಾ" ಎಂದು ತಾನೂ ಒಂದು ಸಲ ತಿರುಗಿಸಿದ. ನಾಲ್ಕು ದೊಡ್ಡ ಮನುಷ್ಯರು ಒಂದು ಅಂಬಲಿಯ ತಟ್ಟೆಯನ್ನು ಹಿಡಿದು ಗರಗರ ತಿರುಗುತ್ತಿದ್ದರು. ಮಲ್ಕಪ್ಪನ ಹಣೆಯ ಬೆವರು ಕುಣಿಗೇ ತೊಟ್ಟಿಕ್ಕಿತು.

ಮೊದಲು ಬಾಲಮ್ಮ ನಕ್ಕಳು. ಆಮೇಲೆ ಹುಸೇನಬೀ. ಆಮೇಲೆ ಚೀಲಗಳ ಮೇಲಿನ ಹನ್ನೊಂದೂ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೇಟಿನಲ್ಲಿ ಅಮೀನುದ್ದೀನ ಚಾಚಾ ಟೊಪ್ಪಿಗೆ ತೆಗೆದು ಮುಖಕ್ಕೆ ಮುಚ್ಚಿಕೊಂಡ. ಮೋನಮ್ಮ ತುಟಿ ಕಚ್ಚಿ ನಿಂತಿದ್ದಳು. ಮಲ್ಕಪ್ಪ ಐದನೇ ಸಲ ತಟ್ಟೆ ತಿರುಗಿಸಿ, ಕುತ್ತಿಗೆ ಒಳಗೆಳೆದು, ನೆಲ ನೋಡಿ ಕೇಳಿದ:

"ಯಾವ ಕಡಿ ಇಡ್ಬೇಕ್ರಿ ಮೇಡಂ?"

ಎರಡು ವರ್ಷ ಬೀಕರಿನಲ್ಲಿ ಕುಡಿದದ್ದು, ಇಪ್ಪತ್ತೊಂಬತ್ತು ಮಂದಿಯ ಎಂಜಲು, ಹೈದರಾಬಾದಿನ ಆ ಕಲ್ಲು, ಎಲ್ಲ ಒಟ್ಟಿಗೆ ಗಂಟಲಿಗೆ ಬಂತು. ಮೋನಮ್ಮ ಕಿಟಕಿಕಟ್ಟೆ ಹಿಡಿದುಕೊಂಡು ನಕ್ಕಳು. ಗೋಡೌನಿನ ತಗಡು ಅದುರುವಂತೆ, ಕಣ್ಣಲ್ಲಿ ನೀರು ಬರುವಂತೆ, ಹನ್ನೊಂದು ಮಂದಿಯ ನಗೆ ಮುಳುಗುವಂತೆ ನಕ್ಕಳು. ಯಾವ ಕಡೆ ಎಂದು ಮಾತ್ರ ಹೇಳಲಿಲ್ಲ.